ಹಳೆಯ ಮೋಟಾರ್ ಸೈಕಲ್ಲನ್ನು ಪಳಗಿಸುವ ಬಗೆ

ಪೂರ್ತಿಯಾಗಿ ಬಿಚ್ಚಿ, ತೊಳೆದು, ಸವೆದುದನ್ನು ಬದಲಾಯಿಸಿ, ಮರಳಿ ಜೋಡಿಸಿದ ಮೋಟಾರ್ ಸೈಕಲ್ಲು ಮೇಸ್ತ್ರಿಯ ಅಂಗಡಿಯಿಂದ ಹೊರಬಂದ ದಿನ ಅದರ ಒಡೆಯನಿಗೆ ಆಗುವ ಸಂತೋಷವು ಸಾಮಾನ್ಯವಾದುದಲ್ಲ. ಬಣ್ಣವು ಹೊಳೆಯುತ್ತಿರುತ್ತದೆ, ನಿಕಲ್ ಹಾಕಿಸಿದ ಕಡೆಗಳಲ್ಲಿ ಮುಖ ಕಾಣುತ್ತದೆ, ಒಂದೇ ಒದೆತಕ್ಕೆ ಎಂಜಿನ್ನು ಹೊರಡುತ್ತದೆ. ಕೆಲಸವೆಲ್ಲ ಮುಗಿಯಿತೆಂದು ಆತನು ತಿಳಿಯುವುದು ಸಹಜ. ಆದರೆ ಆ ವಾಹನದ ಬಾಳಿನಲ್ಲಿ ಅದಕ್ಕಿಂತ ಅಪಾಯಕರವಾದ ದಿನ ಮತ್ತೊಂದಿಲ್ಲ. ಲೇತಿನ ಮೇಲೆ ನಡೆಯಬೇಕಾದ ಕೆಲಸ ಮುಗಿದಿದೆ, ನಿಜ. ರಸ್ತೆಯ ಮೇಲೆ ನಡೆಯಬೇಕಾದುದು ಇನ್ನೂ ಒಂದು ಸಾವಿರ ಕಿಲೋಮೀಟರಿನಷ್ಟು ಉಳಿದಿದೆ. ಆ ಉಳಿದ ಕೆಲಸಕ್ಕೆ ಮೇಸ್ತ್ರಿಯು ಬರುವುದಿಲ್ಲ. ಅದನ್ನು ಒಡೆಯನೇ ಸವಾರನಾಗಿ ಮಾಡಿ ಮುಗಿಸಬೇಕು. ಇಂಗ್ಲಿಷಿನವರು ಇದಕ್ಕೆ ರನ್ನಿಂಗ್-ಇನ್ ಎನ್ನುತ್ತಾರೆ. ನಮ್ಮಲ್ಲಿ ಪಳಗಿಸುವುದು ಎಂದರೆ ಸಾಕು. ಅದರ ವಿಚಾರವಾಗಿಯೂ, ಅದಾದ ಮೇಲೆ ಎಂಜಿನ್ನನ್ನು ಶ್ರುತಿಗೂಡಿಸುವ ವಿಚಾರವಾಗಿಯೂ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಉದಾಹರಣೆಗೆ ನಮ್ಮ ನಾಡಿನದೇ ಆದ ವಾಹನವನ್ನು ತೆಗೆದುಕೊಳ್ಳುವೆನು. ಜಾವಾ ಎಂಬ ಹೆಸರನ್ನು ಕೇಳದವರು ಮೈಸೂರು ಸೀಮೆಯಲ್ಲಿ ವಿರಳ. ಆ ಹೆಸರು ದ್ವೀಪದಿಂದ ಬಂದುದೆಂದು ಎಷ್ಟೋ ಜನ ತಿಳಿದಿದ್ದಾರೆ; ಅದು ಹಾಗಲ್ಲ. ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್ ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನೂ ಕೂಡಿಸಿ ಆ ಹೆಸರನ್ನಿಟ್ಟರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ಇದೇ ವಾಹನವನ್ನು ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಅದರ ಹೆಸರು ಯೆಜ್ಡಿ ಎಂದಾಯಿತು. ೧೯೯೬ರಲ್ಲಿ ಕಾರ್ಖಾನೆಯು ಬಾಗಿಲು ಮುಚ್ಚಿತು. ೨೦೧೮ರಲ್ಲಿ ಜಾವಾ ಎಂಬ ಹೆಸರಿನಲ್ಲಿಯೂ ೨೦೨೨ರಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿಯೂ ಹೊಸ ವಾಹನಗಳು ಬಂದಿರುವುದುಂಟು. ಅವು ನೀರಿನಿಂದ ತಣಿಯುವ ಬೇರೆ ಜಾತಿಯ ಎಂಜಿನ್ನುಳ್ಳವು. ನಾನು ಹೇಳಹೊರಟಿರುವುದು ಯಾದವಗಿರಿಯ ಹಳೆಯ ವಾಹನವನ್ನು ಕುರಿತು: ನೆಟ್ಟಗೆ ಕುಳಿತು, ಅವಸರವಿಲ್ಲದೆ, ದಿನಕ್ಕೆ ಇನ್ನೂರು ಮುನ್ನೂರು ಕಿಲೋಮೀಟರು ಸಾಗಲೆಂದು ಮಾಡಿದ, ಎರಡು ಹೊಗೆಕೊಳವೆಗಳುಳ್ಳ, ಗೇರಿನ ಕಡ್ಡಿಯನ್ನೇ ತಿರುಗಿಸಿ ಒದೆಯುವ ಕಡ್ಡಿಯನ್ನಾಗಿ ಮಾಡಿಕೊಳ್ಳುವ ಆ ವಾಹನ.

ಕಾರ್ಖಾನೆ ಮುಚ್ಚಿದ ಸಂಗತಿಯನ್ನು ಸುಮ್ಮನೆ ಹೇಳಲಿಲ್ಲ. ಈ ಎಂಜಿನ್ನಿನ ಸಿಲಿಂಡರು ಬೀಡುಕಬ್ಬಿಣದ್ದು. ಅದರ ಒಳವ್ಯಾಸ ೬೫ ಮಿಲಿಮೀಟರು. ಸವೆದರೆ ಲೇತಿನವರು ಅದನ್ನು ಕಾಲು ಮಿಲಿಮೀಟರಿನಷ್ಟು ಅಗಲಿಸಿ, ಅಷ್ಟೇ ದೊಡ್ಡದಾದ ಪಿಸ್ಟನ್ನನ್ನು ಹಾಕುತ್ತಾರೆ. ಇದನ್ನೇ ಬೋರ್ ಹೊಡೆಸುವುದು ಎನ್ನುತ್ತಾರೆ. ೬೫.೨೫, ೬೫.೫೦, ೬೫.೭೫, ೬೬ — ಹೀಗೆ ನಾಲ್ಕು ಮೆಟ್ಟಿಲು. ಅಲ್ಲಿಗೆ ಸಾಮಾನ್ಯವಾಗಿ ಮುಗಿಯಿತು. ಆಮೇಲೆ ಕಬ್ಬಿಣದ ಹೊಸ ತೋಳನ್ನು ಒಳಗೆ ಬಡಿಸಬಹುದು. ಆದರೆ ಅನಿಲವು ಹೋಗಿಬರುವ ಕಿಂಡಿಗಳನ್ನು ಆ ತೋಳಿನಲ್ಲಿ ಹಳೆಯ ಕಿಂಡಿಗಳಿಗೆ ಸರಿಯಾಗಿ ಕೊರೆಯಬಲ್ಲ ಕೈಗಳು ಈಗ ಹೆಚ್ಚಾಗಿ ಉಳಿದಿಲ್ಲ. ಎಚ್ಚರದಿಂದ ನಡೆಸಿದರೆ ಒಂದು ಬೋರು ಹತ್ತಾರು ಸಾವಿರ ಕಿಲೋಮೀಟರು ಬಾಳುತ್ತದೆ. ಪಳಗಿಸುವಾಗ ತಪ್ಪಿದರೆ ಒಂದೇ ಮಧ್ಯಾಹ್ನದಲ್ಲಿ ಒಂದು ಮೆಟ್ಟಿಲು ಹೋಗುತ್ತದೆ. ಹೋದ ಕಬ್ಬಿಣ ಮತ್ತೆ ಬಾರದು.

ಈ ಮಾತನ್ನು ನಾನು ಪುಸ್ತಕದಿಂದ ಕಲಿತೆನೆಂದು ಹೇಳಿಕೊಳ್ಳುವಂತಿಲ್ಲ. ಅರುವತ್ತರ ದಶಕದ ಕೊನೆಯಲ್ಲಿ ನಮ್ಮ ತಂದೆಯವರು ಕೊಂಡ ಜಾವಾ ಒಂದು ಮನೆಯಲ್ಲಿದೆ. ಬಹುಕಾಲ ಗೋಣಿಯ ಕೆಳಗೆ ಮಲಗಿದ್ದ ಅದನ್ನು ಕೆಲವು ವರ್ಷಗಳ ಹಿಂದೆ ಬಿಚ್ಚಿಸಿ ಕಟ್ಟಿಸಿದೆನು. ಮೇಸ್ತ್ರಿಯು ಎರಡನೆಯ ಮೆಟ್ಟಿಲಿಗೆ ಬೋರ್ ಹೊಡೆಸಿ, “ನಿಧಾನ ಸ್ವಾಮಿ, ಐವತ್ತು ದಾಟಬೇಡಿ” ಎಂದು ಹೇಳಿಯೇ ಕೊಟ್ಟನು. ಇನ್ನೂರು ಕಿಲೋಮೀಟರು ಆಗುವವರೆಗೆ ನಾನೂ ದಾಟಲಿಲ್ಲ. ಆಮೇಲೆ ಒಂದು ದಿನ ಬೆಂಗಳೂರು–ಮೈಸೂರು ರಸ್ತೆಯಲ್ಲಿ, ರಾಮನಗರವನ್ನು ದಾಟಿದ ಮೇಲೆ, ಬಿಸಿಲಿನಲ್ಲಿ, ಎದುರುಗಾಳಿಯಲ್ಲಿ, ಒಂದು ಬಸ್ಸಿನ ಹಿಂದೆ ಅರುವತ್ತೈದರಲ್ಲಿ ಕಾಲು ಗಂಟೆ ಒಂದೇ ಸಮನೆ ಓಡಿಸಿದೆನು. ಎಂಜಿನ್ನಿನ ಧ್ವನಿ ಒಮ್ಮೆ ಒಣಗಿದಂತಾಯಿತು, ಬಲ ಕುಂದಿತು, ಅದೇನೆಂದು ಯೋಚಿಸುವಷ್ಟರಲ್ಲಿ ಹಿಂದಿನ ಚಕ್ರ ಸ್ಥಂಭಿಸಿ ರಸ್ತೆಯ ಮೇಲೆ ಕಪ್ಪು ಗೆರೆ ಎಳೆಯಿತು. ನಾನು ಬೀಳಲಿಲ್ಲ; ಅದು ದೈವಕೃಪೆಯೇ ಹೊರತು ನನ್ನ ಜಾಣತನವಲ್ಲ. ಪಿಸ್ಟನ್ನು ಸಿಲಿಂಡರನ್ನು ಹಿಡಿದುಬಿಟ್ಟಿತ್ತು. ವಾಹನವನ್ನು ಲಗ್ಗೇಜ್ ಆಟೋದಲ್ಲಿ ಹೇರಿಕೊಂಡು ಮನೆಗೆ ತಂದಾಗ ತಂದೆಯವರು ಜಗಲಿಯಿಂದ ಇಳಿದು ಬಂದು, ಒದೆಯುವ ಕಡ್ಡಿಯನ್ನು ಕೈಯಿಂದ ಒತ್ತಿ ನೋಡಿ, ಏನೂ ಹೇಳದೆ ಒಳಗೆ ಹೋದರು. ಎರಡನೆಯ ಮೆಟ್ಟಿಲು ಹೋಯಿತು, ಮೂರನೆಯದಕ್ಕೆ ಬಂದೆವು.

ಹೀಗಾದುದೇಕೆ? ಪಿಸ್ಟನ್ನು ಅಲ್ಯೂಮಿನಿಯಂ ಬೆರೆತ ಲೋಹದ್ದು, ಸಿಲಿಂಡರು ಕಬ್ಬಿಣದ್ದು. ಕಾಯಿಸಿದರೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಮೆ ಎರಡರಷ್ಟು ಹಿಗ್ಗುತ್ತದೆ. ೬೫ ಮಿಲಿಮೀಟರಿನ ಪಿಸ್ಟನ್ನು ನೂರು ಡಿಗ್ರಿ ಸೆಂಟಿಗ್ರೇಡ್ ಹೆಚ್ಚಾಗಿ ಕಾದರೆ ಸುಮಾರು ೦.೧೪ ಮಿಲಿಮೀಟರು ದಪ್ಪವಾಗುತ್ತದೆ. ಸಿಲಿಂಡರು ಅಷ್ಟೇ ಕಾದರೆ ೦.೦೭ರಷ್ಟು ಮಾತ್ರ ಅಗಲವಾಗುತ್ತದೆ. ಅವೆರಡರ ನಡುವೆ ಲೇತಿನವರು ಬಿಡುವ ಸಂದು ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಆರೇಳು ಪಾಲು. ಅದೂ ಅಲ್ಲದೆ ಸಿಲಿಂಡರಿಗೆ ಹೊರಗಿನ ಗಾಳಿ ತಾಕುತ್ತದೆ, ಪಿಸ್ಟನ್ನಿಗೆ ತಾಕುವುದಿಲ್ಲ. ಪಿಸ್ಟನ್ನಿನ ನೆತ್ತಿಯು ಬೆಂಕಿಯಲ್ಲಿಯೇ ಇರತಕ್ಕದ್ದು. ಸಂದನ್ನು ಸ್ವಲ್ಪ ಕಾಪಾಡಲೆಂದೇ ಪಿಸ್ಟನ್ನಿನ ನೆತ್ತಿಯ ಕಡೆಯನ್ನು ಕಿರಿದಾಗಿ ಮಾಡಿರುತ್ತಾರೆ. ಆದರೂ ಎಂಜಿನ್ನು ಬಹುಹೊತ್ತು ದುಡಿದರೆ ಸಂದು ಮುಚ್ಚಿಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಹೊಸ ಬೋರಿನಲ್ಲಿ ಈ ತೊಂದರೆ ಹೆಚ್ಚಾಗಲು ಮತ್ತೊಂದು ಕಾರಣವುಂಟು. ಲೇತಿನಿಂದ ಬಂದ ಸಿಲಿಂಡರಿನ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿದರೆ ಹೆಣೆದ ಚಾಪೆಯಂತೆ ಒಂದನ್ನೊಂದು ಹಾಯ್ದ ಸಣ್ಣ ಗೀರುಗಳು ಕಾಣುತ್ತವೆ. ಅವು ಬೇಕೆಂದೇ ಮಾಡಿದ ಗೀರುಗಳು. ಎಣ್ಣೆಯು ಆ ಗೀರುಗಳಲ್ಲಿ ನಿಲ್ಲುತ್ತದೆ. ಪಿಸ್ಟನ್ನಿನ ರಿಂಗುಗಳು ಅವುಗಳ ಏಣುಗಳನ್ನು ಉಜ್ಜಿ ಉಜ್ಜಿ ತಮಗೆ ಬೇಕಾದಷ್ಟು ನುಣುಪು ಮಾಡಿಕೊಳ್ಳಬೇಕು. ಹೀಗೆ ಒಂದಕ್ಕೊಂದು ಹೊಂದಿಕೊಂಡ ಮೇಲೆ ಪಿಸ್ಟನ್ನಿನ ಕಾವು ರಿಂಗುಗಳ ಮೂಲಕ ಸಿಲಿಂಡರಿಗೆ ಹರಿದುಹೋಗುತ್ತದೆ. ಹೊಂದಿಕೊಳ್ಳುವ ಮೊದಲು ರಿಂಗು ಅಲ್ಲಲ್ಲಿ ಮಾತ್ರ ತಾಕುತ್ತಿರುವುದರಿಂದ ಕಾವು ಹೋಗಲು ದಾರಿಯಿಲ್ಲ. ಉಜ್ಜಾಟದಿಂದ ಹುಟ್ಟುವ ಕಾವು ಬೇರೆ ಸೇರಿಕೊಳ್ಳುತ್ತದೆ.

ಮೂರನೆಯ ಕಾರಣವು ಈ ಎಂಜಿನ್ನಿನ ಜಾತಿಗೆ ಸಂಬಂಧಿಸಿದುದು. ಇದು ಟೂ-ಸ್ಟ್ರೋಕ್ ಎಂಜಿನ್ನು. ಪಿಸ್ಟನ್ನು ಒಮ್ಮೆ ಮೇಲಕ್ಕೆ ಹೋಗಿ ಒಮ್ಮೆ ಕೆಳಕ್ಕೆ ಬರುವಷ್ಟರಲ್ಲಿ ಒಂದು ಸಿಡಿತ. ಕಾರಿನ ಎಂಜಿನ್ನಿನಲ್ಲಿರುವಂತೆ ಎಣ್ಣೆಯ ತೊಟ್ಟಿ ಇದಕ್ಕಿಲ್ಲ. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಕಲಸಿರುತ್ತೇವೆ. ಪೆಟ್ರೋಲು ಎಷ್ಟು ಒಳಕ್ಕೆ ಹೋದರೆ ಎಣ್ಣೆಯೂ ಅಷ್ಟೇ. ಇಳಿಜಾರಿನಲ್ಲಿ ಬಲಗೈಯ ಹಿಡಿಯನ್ನು ಪೂರ್ತಿ ಮುಚ್ಚಿ, ಗೇರಿನಲ್ಲಿಯೇ ವಾಹನವನ್ನು ಬಿಟ್ಟರೆ ಎಂಜಿನ್ನು ವೇಗವಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಹೋಗುತ್ತಿರುವುದಿಲ್ಲ. ಏರಿನಲ್ಲಿ ಹಿಡಿಯುವ ಎಂಜಿನ್ನಿಗಿಂತ ಇಳಿಜಾರಿನಲ್ಲಿ ಹಿಡಿಯುವ ಎಂಜಿನ್ನೇ ಸವಾರನನ್ನು ಹೆಚ್ಚು ಬೆರಗುಗೊಳಿಸುತ್ತದೆ. ಕಾರಿಗೆ ಒಗ್ಗಿದವರು ಇದನ್ನು ನಂಬುವುದು ಕಷ್ಟ.

ಇನ್ನು ಪಳಗಿಸುವ ಕ್ರಮ. ಮೂರನೆಯ ಮೆಟ್ಟಿಲಿನ ಸಿಲಿಂಡರನ್ನು ಹಾಕಿಸಿದ ಮೇಲೆ ನಾನು ನಡೆದುಕೊಂಡ ಬಗೆಯನ್ನೇ ಹೇಳುತ್ತೇನೆ.

ಮೊದಲ ದಿನ ರಸ್ತೆಗೆ ಹೋಗಲೇ ಇಲ್ಲ. ಎಂಜಿನ್ನನ್ನು ಹೊರಡಿಸಿ ಸಿಲಿಂಡರಿನ ರೆಕ್ಕೆಗಳು ಕೈಗೆ ಬಿಸಿಯಾಗಿ ತಾಕುವವರೆಗೆ, ಎಂದರೆ ಎರಡು ಮೂರು ನಿಮಿಷ, ನಡೆಸಿ ನಿಲ್ಲಿಸಿದೆನು. ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ. ತಣ್ಣಗಾದ ಮೇಲೆ ಮಗುದೊಮ್ಮೆ. ಕಾದು ತಣಿಯುವ ಈ ಆವೃತ್ತಿಗಳಲ್ಲಿ ಲೋಹವು ತನ್ನ ಬಿಗಿತಗಳನ್ನು ಬಿಟ್ಟುಕೊಡುತ್ತದೆ. ತಲೆಯ ಮುಚ್ಚಳದ ಕೆಳಗಿನ ಗ್ಯಾಸ್ಕೆಟ್ಟು ಕುಗ್ಗುವುದರಿಂದ ಮುಚ್ಚಳದ ನಟ್ಟುಗಳು ಸಡಿಲವಾಗುತ್ತವೆ; ಎಂಜಿನ್ನು ತಣ್ಣಗಿರುವಾಗ ಎದುರುಬದುರಿನ ಕ್ರಮದಲ್ಲಿ ಅವುಗಳನ್ನು ಮತ್ತೆ ಬಿಗಿ ಮಾಡಬೇಕು. ಇದೊಂದನ್ನು ಮರೆತು ಗ್ಯಾಸ್ಕೆಟ್ಟು ಸುಟ್ಟುಕೊಂಡವರು ಅನೇಕರು. ಗಂಟೆಗಟ್ಟಲೆ ನಿಂತಲ್ಲೇ ನಡೆಸುವ ಪದ್ಧತಿ ಕೆಲವು ಕಡೆ ಉಂಟು. ಅದು ಒಳ್ಳೆಯದಲ್ಲ. ಈ ಎಂಜಿನ್ನು ಗಾಳಿಯಿಂದ ತಣಿಯತಕ್ಕದ್ದು. ನಿಂತ ವಾಹನಕ್ಕೆ ಗಾಳಿ ಎಲ್ಲಿಯದು?

ಎಣ್ಣೆಯ ಪ್ರಮಾಣದಲ್ಲಿ ಎಲ್ಲರೂ ತಪ್ಪುವ ಒಂದು ವಿಷಯವುಂಟು. ಈ ವಾಹನಕ್ಕೆ ವಾಡಿಕೆಯ ಪ್ರಮಾಣ ಇಪ್ಪತ್ತೈದು ಭಾಗ ಪೆಟ್ರೋಲಿಗೆ ಒಂದು ಭಾಗ ಎಣ್ಣೆ. ಲೀಟರಿಗೆ ೪೦ ಮಿಲಿಲೀಟರು. ಪಳಗಿಸುವಾಗ ಇಪ್ಪತ್ತಕ್ಕೆ ಒಂದು, ಲೀಟರಿಗೆ ೫೦. ಐದು ಲೀಟರಿಗೆ ಕಾಲು ಲೀಟರೆಂದು ನೆನಪಿಟ್ಟರೆ ಸಾಕು. ಎಣ್ಣೆ ಹೆಚ್ಚಾದಷ್ಟೂ ಕ್ಷೇಮವೆಂದು ಭಾವಿಸಿ ಲೀಟರಿಗೆ ನೂರು ಮಿಲಿಲೀಟರು ಸುರಿಯುವ ಜನರನ್ನು ನೋಡಿದ್ದೇನೆ. ಕಾರ್ಬ್ಯುರೇಟರಿನ ಜೆಟ್ಟು ಎಂಬ ಸಣ್ಣ ರಂಧ್ರವು ತನ್ನ ಮೂಲಕ ಹೋಗುವ ದ್ರವವನ್ನು ಅಳೆಯುತ್ತದೆ. ಅದರಲ್ಲಿ ಪೆಟ್ರೋಲೆಷ್ಟು ಎಣ್ಣೆಯೆಷ್ಟು ಎಂಬುದು ಅದಕ್ಕೆ ತಿಳಿಯದು. ಎಣ್ಣೆ ಹೆಚ್ಚಾದರೆ ಅಷ್ಟು ಮಟ್ಟಿಗೆ ಪೆಟ್ರೋಲು ಕಡಮೆಯಾಗುತ್ತದೆ; ದ್ರವವು ಮಂದವಾಗಿ ರಂಧ್ರದಲ್ಲಿ ಹರಿಯುವುದೂ ಕಡಮೆಯಾಗುತ್ತದೆ. ಗಾಳಿಗೆ ಪೆಟ್ರೋಲು ಸಾಲದೆ ಹೋದರೆ ಉರಿಯು ಬಿಸಿಯಾಗುತ್ತದೆ. ಹೀಗೆ ರಕ್ಷಣೆಗೆಂದು ಸುರಿದ ಎಣ್ಣೆಯೇ ಪಿಸ್ಟನ್ನನ್ನು ಕಾಯಿಸುವುದುಂಟು. ಎಣ್ಣೆಯನ್ನು ಅಳೆದು, ಬೇರೆ ಡಬ್ಬಿಯಲ್ಲಿ ಚೆನ್ನಾಗಿ ಕಲಸಿ ಹಾಕತಕ್ಕದ್ದು. ಬಂಕಿನಲ್ಲಿ ಕಣ್ಣಂದಾಜಿನಿಂದ ಟ್ಯಾಂಕಿಗೆ ಸುರಿದು ವಾಹನವನ್ನು ಅಲ್ಲಾಡಿಸುವುದು ಅಭ್ಯಾಸವಾಗಿದ್ದರೆ ಅದನ್ನು ಪಳಗಿಸುವ ಕಾಲದಲ್ಲಾದರೂ ಬಿಡಬೇಕು.

ರಸ್ತೆಯ ಆಯ್ಕೆಯೂ ಮುಖ್ಯವಾದುದು. ಒಂದೇ ವೇಗದಲ್ಲಿ ಹೋಗಬೇಕಾದ ಹೆದ್ದಾರಿಯು ಪಳಗಿಸುವುದಕ್ಕೆ ತಕ್ಕುದಲ್ಲ. ಬೆಂಗಳೂರು–ಮೈಸೂರಿನ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ೨೦೨೩ರ ಆಗಸ್ಟಿನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವನ್ನೇ ನಿಷೇಧಿಸಲಾಯಿತು. ನನ್ನಂಥ ಆತುರಗಾರರಿಗೆ ಅದರಿಂದ ಉಪಕಾರವೇ ಆಯಿತೆನ್ನಬೇಕು. ನಗರದ ರಸ್ತೆಗಳು ಇನ್ನೂ ಕೆಟ್ಟವು; ಅಲ್ಲಿ ಎಂಜಿನ್ನು ನಿಂತಲ್ಲೇ ಬೇಯುತ್ತದೆ. ನಾನು ಆರಿಸಿಕೊಂಡುದು ಬಿಡದಿಯಲ್ಲಿ ಎಡಕ್ಕೆ ತಿರುಗಿ ಬೈರಮಂಗಲದ ಮೇಲೆ ಹಾರೋಹಳ್ಳಿಗೆ ಹೋಗುವ ದಾರಿ. ಅಲ್ಲಿ ಸಣ್ಣ ಏರುಗಳುಂಟು, ತಗ್ಗುಗಳುಂಟು, ತಿರುವುಗಳುಂಟು, ಊರು ಬಂದಾಗಲೆಲ್ಲ ನಿಧಾನಿಸಬೇಕು, ಊರು ದಾಟಿದ ಮೇಲೆ ವೇಗ ಕೂಡಿಸಬಹುದು. ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಹೊರಟರೆ, ಎಂಜಿನ್ನು ಆರಬೇಕಾದ ಹೊತ್ತಿಗೆ ಸರಿಯಾಗಿ ಬೈರಮಂಗಲದ ಕೆರೆ ಸಿಕ್ಕುತ್ತದೆ.

ಕೆರೆಯೆಂದೊಡನೆ ಕೇಳುವವರು ತಂಪಾದ ದಡವನ್ನು ಕಲ್ಪಿಸಿಕೊಳ್ಳಬಾರದು. ಬೆಂಗಳೂರಿನ ಬಸವನಗುಡಿಯ ಕಡೆ ಹುಟ್ಟಿ ಬರುವ ವೃಷಭಾವತಿಗೆ ಕಟ್ಟಿದ ಕೆರೆಯದು. ವ್ಯವಸಾಯಕ್ಕೆಂದು ಕಟ್ಟಿದುದು, ಈಗ ನಗರದ ಕೊಚ್ಚೆಯನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು ಬರುವ ನೀರು ಅಲ್ಲಿ ನಿಲ್ಲುತ್ತದೆ. ಗಾಳಿ ಬೀಸಿದ ಕಡೆಗೆ ನೊರೆ ಹಾರುವುದೂ ಉಂಟು. ನಾನು ವಾಹನವನ್ನು ಮರದ ನೆರಳಿನಲ್ಲಿ ನಿಲ್ಲಿಸಿ, ಮೂಗಿಗೆ ವಸ್ತ್ರ ಹಿಡಿದು ಕುಳಿತಿದ್ದಾಗ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ವೃದ್ಧರೊಬ್ಬರು ಅಲ್ಲಿಯೇ ಹೊರೆಯಿಳಿಸಿ ಕುಳಿತರು.

“ಗಾಡಿ ಕೆಟ್ಟೋಯ್ತಾ ಸ್ವಾಮಿ?”

“ಇಲ್ಲ ಯಜಮಾನರೇ, ಆರಲಿ ಎಂದು ನಿಲ್ಲಿಸಿದ್ದೇನೆ. ಗಾಡಿ ಹಳೆಯದು, ಒಳಗಿನದೆಲ್ಲ ಹೊಸದು. ಸ್ವಲ್ಪ ಸ್ವಲ್ಪವಾಗಿ ಓಡಿಸಬೇಕು.”

“ಹಂಗಾರೆ ಹೋರಿ ಪಳಗಿಸ್ದಂಗೆ ಅನ್ನಿ. ಮೊದ್ಲು ಬರೀ ನೊಗ ಹೊರ್ಸಿ ಹೊಲ ಸುತ್ತಿಸ್ತೀವಿ. ಆಮೇಲೆ ಬರೀ ಗಾಡಿ. ಆಮೇಲೆ ಹೊರೆ. ಮೊದಲ್ನೇ ದಿವ್ಸವೇ ಹೊರೆ ಹಾಕಿದ್ರೆ ಹೆಗಲು ಹುಣ್ಣಾಗಿ ಹೋರಿ ಕೆಡ್ತದೆ. ಹಂಗಂತ ಕೊಟ್ಟಿಗೇಲೆ ಕಟ್ಟಾಕಿದ್ರೂ ಕೆಡ್ತದೆ.”

ಕೊನೆಯ ಮಾತನ್ನು ಅವರು ಹೋರಿಯ ವಿಷಯವಾಗಿ ಹೇಳಿದರೂ ಅದು ಎಂಜಿನ್ನಿಗೂ ಪೂರ್ಣವಾಗಿ ಅನ್ವಯಿಸುತ್ತದೆ. ರಿಂಗು ಸಿಲಿಂಡರಿಗೆ ಒತ್ತಿಕೊಳ್ಳುವುದು ತನ್ನ ಬಿಗಿತದಿಂದ ಮಾತ್ರವೇ ಅಲ್ಲ. ಉರಿಯುವ ಅನಿಲವು ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನ್ನಿಗೆ ಹೊರೆಯನ್ನೇ ಕೊಡದೆ ಸಾವಿರ ಕಿಲೋಮೀಟರೂ ಮೂವತ್ತರಲ್ಲಿ ಎಳೆದಾಡಿದರೆ ಆ ಒತ್ತಡ ಹುಟ್ಟುವುದಿಲ್ಲ. ಗೀರುಗಳ ಏಣು ಸವೆಯುವುದಕ್ಕೆ ಬದಲಾಗಿ ಅವುಗಳಲ್ಲಿ ಎಣ್ಣೆ ಸುಟ್ಟು ಗಾಜಿನಂಥ ಪದರ ಕಟ್ಟಿಕೊಳ್ಳುತ್ತದೆ. ಅಂಥ ಎಂಜಿನ್ನು ಹಿಡಿಯುವುದಿಲ್ಲ, ನಿಜ. ಎಂದಿಗೂ ಬಲವಾಗಿ ಎಳೆಯುವುದೂ ಇಲ್ಲ. ಅತಿಯಾದ ಮುದ್ದಿನಿಂದ ಕೆಟ್ಟ ಎಂಜಿನ್ನುಗಳು ಅತಿಯಾದ ವೇಗದಿಂದ ಕೆಟ್ಟವುಗಳಷ್ಟೇ ಇವೆಯೆಂದು ನನ್ನ ಎಣಿಕೆ.

ಆದುದರಿಂದ ಮಾಡಬೇಕಾದುದೇನೆಂದರೆ, ಹೊರೆ ಕೊಡುವುದು, ಕೂಡಲೇ ತೆಗೆದುಬಿಡುವುದು. ಗೇರಿನಲ್ಲಿ ಹಿಡಿಯನ್ನು ಅರ್ಧದವರೆಗೆ ತಿರುಗಿಸಿ ಕೆಲವು ಕ್ಷಣ ಎಳೆಯಲು ಬಿಟ್ಟು, ಮತ್ತೆ ಸಡಿಲಿಸಬೇಕು. ಮೊದಲ ನೂರೈವತ್ತು ಕಿಲೋಮೀಟರು ನಾನು ನಲವತ್ತರ ವೇಗವನ್ನು ದಾಟಲಿಲ್ಲ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಆರಿಸಿದೆನು. ಐದುನೂರರವರೆಗೆ ಐವತ್ತು. ಅಲ್ಲಿಂದ ಸಾವಿರದವರೆಗೆ ಅರುವತ್ತು. ಕೊನೆಕೊನೆಯಲ್ಲಿ ಒಂದು ನಿಮಿಷ ಅದಕ್ಕೂ ಹೆಚ್ಚು. ಆದರೆ ವೇಗದ ಅಂಕೆಗಿಂತ ಮುಖ್ಯವಾದುದು ಎಂಜಿನ್ನಿನ ದುಡಿಮೆ. ನಾಲ್ಕನೆಯ ಗೇರಿನಲ್ಲಿ ಮೂವತ್ತರ ವೇಗದಲ್ಲಿ ಏರನ್ನು ಹತ್ತಿಸುವುದು ಮೂರನೆಯ ಗೇರಿನಲ್ಲಿ ನಲವತ್ತರಲ್ಲಿ ಹತ್ತಿಸುವುದಕ್ಕಿಂತ ಕ್ರೂರವಾದುದು. ಎಂಜಿನ್ನು ನರಳುವ ಮೊದಲೇ ಗೇರು ಇಳಿಸಬೇಕು. ಇಳಿಜಾರಿನಲ್ಲಿ ಆಗಾಗ್ಗೆ ಹಿಡಿಯನ್ನು ಒಮ್ಮೆ ತಿರುಗಿಸಿ ಎಣ್ಣೆ ಕುಡಿಸಬೇಕು, ಇಲ್ಲವೇ ಕ್ಲಚ್ಚು ಹಿಡಿದು ಇಳಿಯಬೇಕು. ಎಡಗೈಯ ಎರಡು ಬೆರಳುಗಳು ಸಾವಿರ ಕಿಲೋಮೀಟರೂ ಕ್ಲಚ್ಚಿನ ಹಿಡಿಯ ಮೇಲೆಯೇ ಇರತಕ್ಕದ್ದು. ಧ್ವನಿ ಒಣಗಿತೆಂದರೆ, ಕಾರಣವಿಲ್ಲದೆ ಬಲ ಕುಂದಿತೆಂದರೆ, ಯೋಚನೆ ಆಮೇಲೆ, ಕ್ಲಚ್ಚು ಮೊದಲು. ಆ ಎರಡು ಬೆರಳುಗಳು ಅಂದು ರಾಮನಗರದ ಆಚೆ ಇದ್ದಿದ್ದರೆ ನಮ್ಮ ಮನೆಯ ಸಿಲಿಂಡರು ಈಗಲೂ ಎರಡನೆಯ ಮೆಟ್ಟಿಲಿನಲ್ಲಿಯೇ ಇರುತ್ತಿತ್ತು.

ಹೊಗೆಯ ವಿಷಯವಾಗಿಯೂ ಒಂದು ಮಾತು. ಲೀಟರಿಗೆ ಐವತ್ತು ಮಿಲಿಲೀಟರು ಎಣ್ಣೆಯನ್ನು ಸುಡುವ ವಾಹನವು ನೀಲಿ ಹೊಗೆಯನ್ನು ಬಿಡದೆ ಇರದು. ಕೆರೆಯ ದುರ್ಗಂಧಕ್ಕೆ ಮೂಗು ಮುಚ್ಚಿಕೊಂಡಿದ್ದ ನಾನು ಹೊರಡುವಾಗ ಆ ವೃದ್ಧರು ನನ್ನ ಹೊಗೆಗೆ ಹೆಗಲ ವಸ್ತ್ರವನ್ನು ಮೂಗಿಗೆ ಹಿಡಿದುದನ್ನು ಕನ್ನಡಿಯಲ್ಲಿ ಕಂಡೆನು. ಅಂದಿನಿಂದ ಊರಿನ ಮುಂದೆ ಎಂಜಿನ್ನು ನಡೆಸಿಕೊಂಡು ನಿಲ್ಲುವುದನ್ನು ಬಿಟ್ಟಿದ್ದೇನೆ.

ಸಾವಿರ ಕಿಲೋಮೀಟರು ತುಂಬುವ ಹೊತ್ತಿಗೆ ಎಂಜಿನ್ನು ತನಗೆ ತಾನೇ ಹಗುರವಾಗಿ ತಿರುಗುತ್ತದೆ. ಆಗ ಶ್ರುತಿಗೂಡಿಸುವ ಕೆಲಸ. ಅದಕ್ಕೆ ಮೊದಲು ಕೈ ಹಾಕಿದರೆ ಪ್ರಯೋಜನವಿಲ್ಲ. ದಿನದಿನಕ್ಕೂ ಬದಲಾಗುತ್ತಿರುವ ಎಂಜಿನ್ನನ್ನು ಯಾವ ಅಳತೆಗೆಂದು ಕೂಡಿಸುವುದು?

ಮೊದಲು ಕಿಡಿ, ಆಮೇಲೆ ಪೆಟ್ರೋಲು. ಈ ಕ್ರಮ ತಪ್ಪಬಾರದು. ಕಿಡಿಯು ತಡವಾಗಿ ಹೊಡೆಯುತ್ತಿದ್ದರೆ ಕಾರ್ಬ್ಯುರೇಟರನ್ನು ಎಷ್ಟು ತಿರುಗಿಸಿದರೂ ಸರಿಹೋಗದು. ಕಿಡಿಯನ್ನು ಹುಟ್ಟಿಸುವ ಪಾಯಿಂಟುಗಳೆಂಬ ಎರಡು ಲೋಹದ ಮೊನೆಗಳು ಪೂರ್ತಿ ತೆರೆದಾಗ ಅವುಗಳ ನಡುವೆ ೦.೪ ಮಿಲಿಮೀಟರು ಸಂದು ಇರಬೇಕು. ಅದನ್ನು ಫೀಲರ್ ಗೇಜಿನಿಂದ ನೋಡಿ ಸರಿಮಾಡಿಕೊಂಡ ಮೇಲೆಯೇ ಕಿಡಿಯ ಕಾಲವನ್ನು ನೋಡತಕ್ಕದ್ದು, ಏಕೆಂದರೆ ಸಂದು ಬದಲಾದರೆ ಕಾಲವೂ ಬದಲಾಗುತ್ತದೆ. ಪಿಸ್ಟನ್ನು ತುದಿ ಮುಟ್ಟಲು ೩ರಿಂದ ೩.೫ ಮಿಲಿಮೀಟರು ಉಳಿದಿರುವಾಗ ಪಾಯಿಂಟು ತೆರೆಯಬೇಕು. ಹಳೆಯ ಮೇಸ್ತ್ರಿಗಳು ಇದಕ್ಕೆ ಯಂತ್ರವನ್ನು ಬಯಸುತ್ತಿರಲಿಲ್ಲ. ಸಿಗರೇಟು ಸುತ್ತುವ ತೆಳುವಾದ ಕಾಗದವನ್ನು ಪಾಯಿಂಟುಗಳ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತ ಎಂಜಿನ್ನನ್ನು ಕೈಯಿಂದ ತಿರುಗಿಸುವರು. ಕಾಗದವು ಜಾರಿಬಂದ ಕ್ಷಣವೇ ಪಾಯಿಂಟು ತೆರೆದ ಕ್ಷಣ. ಅಷ್ಟು ಸುಲಭವಾದ, ಅಷ್ಟು ನಿಷ್ಕೃಷ್ಟವಾದ ಉಪಾಯವನ್ನು ನಾನು ಬೇರೆ ಕಂಡಿಲ್ಲ.

ಕಾರ್ಬ್ಯುರೇಟರಿನ ವಿಷಯದಲ್ಲಿ ಜನರು ಗಾಬರಿಯಾಗುವುದು ಅದರ ಭಾಗಗಳು ಬೇರೆ ಬೇರೆ ಹೊತ್ತಿನಲ್ಲಿ ದುಡಿಯುತ್ತವೆಂಬುದನ್ನು ಅರಿಯದೆ. ಹಿಡಿಯನ್ನು ಸ್ವಲ್ಪವೇ ತಿರುಗಿಸಿದಾಗ ಪೆಟ್ರೋಲು ಸಣ್ಣ ಜೆಟ್ಟಿನಿಂದ ಬರುತ್ತದೆ. ಅಲ್ಲಿ ತೊಂದರೆಯಿದ್ದರೆ ಗಾಳಿಯ ಸ್ಕ್ರೂವನ್ನು ನೋಡಬೇಕು. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಒಂದು ಮೊನಚಾದ ಸೂಜಿಯು ಮೇಲಕ್ಕೂ ಕೆಳಕ್ಕೂ ಆಡುತ್ತ ಪೆಟ್ರೋಲನ್ನು ಅಳೆಯುತ್ತದೆ. ಪೂರ್ತಿ ತಿರುಗಿಸಿದಾಗ ಮಾತ್ರ ದೊಡ್ಡ ಜೆಟ್ಟಿನ ಅಧಿಕಾರ. ಸೂಜಿಯ ತಲೆಯಲ್ಲಿ ಕಚ್ಚುಗಳಿವೆ. ಅವುಗಳಲ್ಲೊಂದಕ್ಕೆ ಕ್ಲಿಪ್ಪು ಸಿಕ್ಕಿಸಿರುತ್ತಾರೆ. ಕ್ಲಿಪ್ಪನ್ನು ಕೆಳಗಿನ ಕಚ್ಚಿಗೆ ಹಾಕಿದರೆ ಸೂಜಿ ಮೇಲೇರಿ ಪೆಟ್ರೋಲು ಹೆಚ್ಚುತ್ತದೆ. ಮೇಲಿನ ಕಚ್ಚಿಗೆ ಹಾಕಿದರೆ ಸೂಜಿ ಇಳಿದು ಪೆಟ್ರೋಲು ಕಡಮೆಯಾಗುತ್ತದೆ. ಪಳಗಿಸುವಾಗ ನಾನು ಅದನ್ನು ಒಂದು ಕಚ್ಚು ಏರಿಸಿಯೇ ಇಟ್ಟಿದ್ದೆನು. ಪೆಟ್ರೋಲು ಸ್ವಲ್ಪ ಹೆಚ್ಚಾಗಿ ಹೋದರೆ ಪಿಸ್ಟನ್ನು ತಂಪಾಗಿರುತ್ತದೆ.

ಹಳೆಯ ಪುಸ್ತಕಗಳಲ್ಲಿ ಇಲ್ಲದ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ನಮ್ಮ ದೇಶದ ಬಂಕುಗಳಿಗೆ ೨೦೨೩ರಿಂದ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿದೆ. ಎಥನಾಲಿನಲ್ಲಿ ಆಮ್ಲಜನಕವು ಮೊದಲೇ ಇರುವುದರಿಂದ, ಅದನ್ನು ಉರಿಸಲು ಪೆಟ್ರೋಲಿನಷ್ಟು ಗಾಳಿ ಬೇಕಾಗುವುದಿಲ್ಲ. ಎಂದರೆ, ಹಳೆಯ ಪೆಟ್ರೋಲಿಗೆ ಸರಿಯಾಗಿದ್ದ ಜೆಟ್ಟು ಈಗ ಕಿರಿದಾಯಿತು. ಗಾಳಿ ಹೆಚ್ಚಾಗಿ ಪಿಸ್ಟನ್ನು ಕಾಯುತ್ತದೆ. ಹೊಸ ಕಾಲದ ವಾಹನಗಳಲ್ಲಿ ಇದನ್ನು ತಿದ್ದಿಕೊಳ್ಳುವ ಯಂತ್ರವಿದೆ, ನಮ್ಮ ವಾಹನದಲ್ಲಿ ತಿದ್ದಬೇಕಾದವರು ನಾವೇ. ಅಲ್ಲದೆ ಎಥನಾಲು ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರಿನೊಡನೆ ಕೂಡಿ ತಳಕ್ಕೆ ಇಳಿಯುವುದುಂಟು. ಹಳೆಯ ರಬ್ಬರಿನ ಕೊಳವೆಗಳನ್ನೂ ಅದು ಮೆತ್ತಗೆ ಮಾಡುತ್ತದೆ.

ಸ್ಥಳದ ಎತ್ತರವೂ ಲೆಕ್ಕಕ್ಕೆ ಬರತಕ್ಕದ್ದೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಇಲ್ಲಿ ಸರಿಮಾಡಿದ ವಾಹನವನ್ನು ಘಟ್ಟವಿಳಿಸಿ ಮಂಗಳೂರಿಗೆ ಒಯ್ದರೆ ಅಲ್ಲಿಯ ಗಾಳಿಯು ಹತ್ತರಲ್ಲೊಂದು ಪಾಲಿನಷ್ಟು ದಟ್ಟವಾಗಿರುತ್ತದೆ. ಸೂಜಿಯನ್ನು ಒಂದು ಕಚ್ಚು ಏರಿಸಿಕೊಂಡು ಹೋಗುವುದು ಲೇಸು.

ಮೇಸ್ತ್ರಿಗಳಿಗೂ ತಪ್ಪಿಹೋಗುವ ಒಂದು ದೋಷವು ಗಾಳಿಯ ಸೋರಿಕೆ. ಟೂ-ಸ್ಟ್ರೋಕ್ ಎಂಜಿನ್ನಿನ ಕೆಳಗಿನ ಕೋಣೆಯೇ ಅದರ ಪಂಪು. ಆ ಕೋಣೆಯ ಎರಡು ಪಕ್ಕದ ಆಯಿಲ್ ಸೀಲುಗಳು ಗಟ್ಟಿಯಾಗಿ ಬಿರಿದಿದ್ದರೆ ಹೊರಗಿನ ಗಾಳಿಯು ಕದ್ದು ಒಳಕ್ಕೆ ಬರುತ್ತದೆ. ಹಿಡಿಯನ್ನು ಮುಚ್ಚಿದ ಮೇಲೂ ಎಂಜಿನ್ನಿನ ವೇಗವು ಬೇಗನೆ ಇಳಿಯದೆ ತೂಗಾಡುತ್ತಿದ್ದರೆ ಅದೇ ಗುರುತು. ಪ್ರೈಮರಿ ಚೈನಿನ ಕಡೆಯ ಸೀಲು ಹೋಗಿದ್ದರೆ ಗೇರಿನ ಎಣ್ಣೆಯನ್ನು ಎಳೆದುಕೊಂಡು ವಾಹನವು ಬಿಳಿಯ ಹೊಗೆಯನ್ನ ಕಾರುತ್ತದೆ. ಎಂಜಿನ್ನು ಬಿಚ್ಚಿದಾಗ ಆ ಸೀಲುಗಳನ್ನು ಬದಲಾಯಿಸದೆ ಬೋರನ್ನು ಮಾತ್ರ ಹೊಡೆಸಿ ಜೋಡಿಸುವುದು ಬಹಳ ದುಬಾರಿಯಾದ ಮಿತವ್ಯಯ.

ಎಲ್ಲವೂ ಸರಿಯಾಗಿದೆಯೇ ಎಂಬುದಕ್ಕೆ ಸ್ಪಾರ್ಕ್ ಪ್ಲಗ್ಗೇ ಸಾಕ್ಷಿ. ಹೊಸ ಪ್ಲಗ್ಗನ್ನು ಹಾಕಿ, ಎಂಜಿನ್ನು ಚೆನ್ನಾಗಿ ಕಾದ ಮೇಲೆ, ಜನಸಂಚಾರವಿಲ್ಲದ ನೇರ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಹಿಡಿಯನ್ನು ಪೂರ್ತಿ ತಿರುಗಿಸಿ ಸ್ವಲ್ಪ ದೂರ ಓಡಿಸಬೇಕು. ಆಮೇಲೆ ಒಂದೇ ಸಲಕ್ಕೆ ಕ್ಲಚ್ಚು ಹಿಡಿದು ಎಂಜಿನ್ನನ್ನು ನಿಲ್ಲಿಸಿ, ಬದಿಗೆ ಸರಿದು ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಮೆಲ್ಲಗೆ ನಿಧಾನಿಸುತ್ತ ಬಂದು ನೋಡಿದರೆ ಅದು ನಿಧಾನದ ಸುದ್ದಿಯನ್ನೇ ಹೇಳುತ್ತದೆ. ನಡುವಿನ ಬಿಳಿಯ ಪಿಂಗಾಣಿಯು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಸರಿ. ಕಪ್ಪಾಗಿ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಕಡಮೆ. ಆ ಬಿಳುಪನ್ನು ಕಂಡವರು ಅದೇ ಜೆಟ್ಟಿನಲ್ಲಿ ಮನೆಯವರೆಗೂ ವೇಗವಾಗಿ ಹೋಗಬಾರದು. ನನ್ನ ಪ್ಲಗ್ಗು ಮೊದಲ ಸಲ ಬೆಳ್ಳಗೇ ಬಂದಿತು. ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿದ ಮೇಲೆ ಕಾಫಿಗೆ ತಿರುಗಿತು.

ಅದಾದ ಮುಂದಿನ ಭಾನುವಾರ ತಂದೆಯವರು ತಾವೂ ಬರುವುದಾಗಿ ಹೇಳಿ ಹಿಂದೆ ಕುಳಿತರು. ಬಿಡದಿಯಿಂದ ಬೈರಮಂಗಲದವರೆಗೆ ಒಂದು ಮಾತನ್ನೂ ಆಡಲಿಲ್ಲ. ಕೆರೆಯ ಹತ್ತಿರ ಇಳಿದು, ಬಗ್ಗಿ ಸಿಲಿಂಡರಿನ ರೆಕ್ಕೆಗಳ ಹತ್ತಿರ ಅಂಗೈಯನ್ನು ಹಿಡಿದು ನೋಡಿದರು. ಆಮೇಲೆ, “ಅರ್ಧ ತಿರುಗಿಸಿದಾಗ ಒಂದು ಹೊಡೆತ ಬಿಟ್ಟು ಒಂದು ಹೊಡೆತ ಹೊಡೆಯುತ್ತಿದೆಯಲ್ಲ, ಕೇಳಿಸಲಿಲ್ಲವೇ? ಪೆಟ್ರೋಲು ಹೆಚ್ಚು. ಸೂಜಿಯನ್ನು ಇನ್ನೂ ಇಳಿಸಿಲ್ಲವೇನೋ?” ಎಂದು ಕೇಳಿದರು. ಪಳಗಿಸುವುದಕ್ಕೆಂದು ಏರಿಸಿದ್ದ ಒಂದು ಕಚ್ಚನ್ನು ಇಳಿಸಲು ನಾನು ಮರೆತೇ ಬಿಟ್ಟಿದ್ದೆನು. ಎಂಜಿನ್ನು ಆರುವವರೆಗೆ ಕಾದು, ಸ್ಕ್ರೂ ಡ್ರೈವರನ್ನು ತೆಗೆದು, ಅಲ್ಲಿಯೇ ಮರದ ಕೆಳಗೆ ಕ್ಲಿಪ್ಪನ್ನು ಮೇಲಿನ ಕಚ್ಚಿಗೆ ಬದಲಾಯಿಸಿದೆನು. ಹಾರೋಹಳ್ಳಿಯವರೆಗೆ ಅವರೇ ಓಡಿಸಿದರು.